ಓದಿನ ಬೊಗಸೆ

ನಾನು ಸುಳ್ಳು ಹೇಳುವವಳಲ್ಲ. ಬ್ಯಾಡಗಿಯಲ್ಲಿ ನಮ್ಮ ಓಣಿಯ ಯಾರನ್ನಾದರೂ ಕೇಳಿ, ಅಲ್ಮಾಸಳ ಬಾಯಿ ಜೋರು ಎನ್ನುತ್ತಾರೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ, ಸುಳ್ಳಿ ಎಂದು ಮಾತ್ರ ಯಾರೂ ಅನ್ನುವುದಿಲ್ಲ. ಆದರೆ ಒಮ್ಮೆ ಹೇಳಿದ್ದೇನೆ. ಹನ್ನೆರಡು ಹೆಂಗಸರ ಎದುರು, ಹಾಡಹಗಲು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು. ನನ್ನ ಸುಳ್ಳಿನಿಂದ ಒಬ್ಬಳ ಬಾಳು ಹಳ್ಳ ಹಿಡಿಯಿತೇನೋ ಎಂದು ಏಳು ವರ್ಷ ಎದೆಯ ಮೇಲೆ ಕಲ್ಲು ಹೊತ್ತು ತಿರುಗಿದೆ. ಅವಳ ಹೆಸರು ರೇಣುಕವ್ವ. ಇವತ್ತು ರಾಣೆಬೆನ್ನೂರಿನಲ್ಲಿ ಅವಳಷ್ಟು ಪುಸ್ತಕ ಓದಿದ ಇನ್ನೊಬ್ಬ ಹೆಂಗಸನ್ನು ತೋರಿಸಿದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ.

ಪ್ರೇಮ ಕಾದಂಬರಿ ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. "ಅದೂ ಒಂದು ಓದೇ?" ಎನ್ನುತ್ತಾರೆ. ಹೌದು ಸ್ವಾಮಿ, ಅದೂ ಒಂದು ಓದೇ. ದೊಡ್ಡ ದೊಡ್ಡ ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡವರ ಮನೆಯಲ್ಲಿ ಎಷ್ಟು ಜನ ಓದಿದರೋ ನನಗೆ ಗೊತ್ತಿಲ್ಲ. ರೇಣುಕವ್ವ ಹೇಗೆ ಓದಿದಳು ಎಂಬುದು ಗೊತ್ತು. ಅಷ್ಟನ್ನು ಹೇಳುತ್ತೇನೆ.

2002ನೆಯ ಇಸವಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನನ್ನು ಎರಡು ಸಲ ಕೆಡವಿತ್ತು. ಮೂರನೆಯ ಸಲ ಕಟ್ಟುತ್ತೇನೆ ಎಂದಾಗ ಅಬ್ಬಾ, "ಸಾಕು ಬೇಟಿ, ಗಣಿತಕ್ಕೂ ನಿನಗೂ ಆಗಿ ಬರೂದಿಲ್ಲ," ಎಂದುಬಿಟ್ಟರು. ಬ್ಯಾಡಗಿಯಲ್ಲಿ ಕೈಗೆ ಕೆಲಸಕ್ಕೇನೂ ಕಡಿಮೆಯಿಲ್ಲ. ಜನವರಿಯಿಂದ ಮೇವರೆಗೆ ಊರಿಗೆ ಊರೇ ಕೆಂಪಾಗಿರುತ್ತದೆ. ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಚೀಲಗಳು ಗೋದಾಮಿಗೆ ಬರುತ್ತವೆ, ಹೆಂಗಸರು ಸಾಲಾಗಿ ಕೂತು ತುಂಬು ಬಿಡಿಸುತ್ತಾರೆ. ತುಂಬು ಅಂದರೆ ಕಾಯಿಯ ತೊಟ್ಟು. ಅದನ್ನು ಮುರಿದು ಬಿಸಾಕಿ, ಕಾಯಿಯನ್ನು ತಮ್ಮ ಬುಟ್ಟಿಗೆ ಹಾಕಿಕೊಳ್ಳಬೇಕು. ಸಂಜೆ ಯಾರ ಬುಟ್ಟಿ ಎಷ್ಟು ತೂಗಿತೋ ಅಷ್ಟು ಕೂಲಿ. ಮೊದಲ ದಿನ ನಾನು ಸೀನಿದ ಸೀನಿಗೆ ಗೋದಾಮಿನ ತಗಡು ಹಾರುವುದೊಂದು ಬಾಕಿ ಇತ್ತು.

ಹಾವೇರಿಯಲ್ಲಿ ನನ್ನ ಮಾಮು ಕುತುಬುದ್ದೀನರದು ರದ್ದಿ ಅಂಗಡಿ. ಜನ ತೂಕಕ್ಕೆ ಹಾಕಿದ ಹಳೆಯ ಪೇಪರಿನ ನಡುವೆ ಕಾದಂಬರಿಗಳು ಸಿಕ್ಕರೆ ನನಗಾಗಿ ತೆಗೆದಿಡುತ್ತಿದ್ದರು. ಅವೆಲ್ಲ ಪ್ರೇಮದ ಕಾದಂಬರಿಗಳೇ. ಮದುವೆಯಾಗುವ ಮೊದಲು ಓದಿ, ಮದುವೆಯಾದ ಮೇಲೆ ರದ್ದಿಗೆ ಹಾಕುವುದು ಹಾವೇರಿಯ ಹುಡುಗಿಯರ ಪದ್ಧತಿ ಎಂದು ಮಾಮು ನಗುತ್ತಿದ್ದರು. ಒಂದು ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ನಾನು ಗೋಡೆಗೆ ಒರಗಿ ಓದುತ್ತಿದ್ದೆ. ನಮ್ಮ ಸಾಲಿನ ಹಿರಿಯಳು ಫಕ್ಕೀರವ್ವ. ಅರವತ್ತರ ಮೇಲಿನ ವಯಸ್ಸು, ಮಾತು ಹರಿತ. ಅವಳು ಅಲ್ಲಿಂದಲೇ ಗದರಿದಳು.

"ಏ ಹುಡುಗಿ, ಏನ ಒಬ್ಬಾಕೀನ ಮುಸಿಮುಸಿ ನಗಾಕತ್ತೀದಿ? ನಮಗೂ ಓದಿ ಹೇಳು. ನಮಗೇನ ನಗಾಕ ಬರೂದಿಲ್ಲೇನು?"

ಓದಿದೆ. ರೊಟ್ಟಿಯ ಹೊತ್ತು ಮುಗಿದರೂ ಅವರು ಬಿಡಲಿಲ್ಲ. ಅವರ ಕೈಗೆ ಕೆಲಸ, ಕಿವಿಗೆ ಕಥೆ. ನನ್ನ ಬುಟ್ಟಿ ಮಾತ್ರ ಬರಿದೋ ಬರಿದು, ಯಾಕೆಂದರೆ ಖಾರದ ಕೈಯಲ್ಲಿ ಪುಸ್ತಕ ಹಿಡಿದು, ಆ ಕೈ ಕಣ್ಣಿಗೆ ತಾಗಿದರೆ ಮುಗಿಯಿತು. ಸಂಜೆ ತೂಗುವ ಹೊತ್ತಿಗೆ ನನ್ನ ಮುಖ ಸಣ್ಣದಾಯಿತು. ಫಕ್ಕೀರವ್ವ ಎದ್ದು ಬಂದು ತನ್ನ ಬುಟ್ಟಿಯಿಂದ ಒಂದು ಬೊಗಸೆ ಕಾಯಿ ತೆಗೆದು ನನ್ನ ಬುಟ್ಟಿಗೆ ಸುರಿದಳು. "ಎಲ್ಲಾರೂ ಒಂದೊಂದ ಬೊಗಸಿ ಹಾಕ್ರಿ. ಪುಗಸಟ್ಟೆ ಕೇಳಿದ್ರ ಕಥಿ ಮೈಗೆ ಹತ್ತೂದಿಲ್ಲ," ಎಂದಳು. ಹನ್ನೆರಡು ಬೊಗಸೆ ಬಿತ್ತು. ಅಂದಿನಿಂದ ಅದೇ ಕಟ್ಟಳೆಯಾಯಿತು. ಮಧ್ಯಾಹ್ನ ರೊಟ್ಟಿಯಾದ ಮೇಲೆ ನಾನು ಸಾಬೂನಿನಿಂದ ಕೈ ತೊಳೆದು, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಓದಬೇಕು, ಸಂಜೆ ಒಬ್ಬೊಬ್ಬಳು ಒಂದು ಬೊಗಸೆ ಹಾಕಬೇಕು. ಅದಕ್ಕೆ ಓದಿನ ಬೊಗಸೆ ಎಂದೇ ಹೆಸರು ಬಿತ್ತು. ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಯಾರಾದರೂ ಚೂರು ಕೈ ಬಿಗಿ ಹಿಡಿದರೆ ಫಕ್ಕೀರವ್ವ, "ಏನವಾ, ಅರ್ಧಾ ಕಥಿ ಕೇಳೀದೇನು?" ಎಂದು ಮಾನ ಕಳೆಯುತ್ತಿದ್ದಳು.

ಆ ಹನ್ನೆರಡು ಜನರಲ್ಲಿ ರೇಣುಕವ್ವ ಒಬ್ಬಳು. ಗುತ್ತಲದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ಮಗಳು ಶ್ವೇತಾಳಿಗೆ ಎರಡು. ಮೂರು ವರ್ಷದಿಂದ ಬ್ಯಾಡಗಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಣ್ಣ ಪ್ರಭುಲಿಂಗಪ್ಪ ಕೆಟ್ಟವನಲ್ಲ, ಆದರೆ ತಂಗಿಯನ್ನು ಸಾಕುತ್ತಿದ್ದೇನೆ ಎಂದು ದಿನಕ್ಕೊಂದು ಸಲ ಯಾರಿಗಾದರೂ ಹೇಳದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ರೇಣುಕವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಾತೂ ಕಡಿಮೆ. ಆದರೆ ಕಥೆ ಕೇಳುವಾಗ ಅವಳ ಕೈ ಎಲ್ಲರಿಗಿಂತ ಚುರುಕಾಗುತ್ತಿತ್ತು. ಬೇರೆಯವರು, "ಮುಂದ ಏನಾತು?" ಎಂದರೆ, ಇವಳು, "ಅಲ್ಲಾ ಅಲ್ಮಾಸ, ಆ ಹುಡುಗಿ ಮನಸಿನಾಗ ಒಂದ ಇಟಗೊಂಡು ಬಾಯಿಲೆ ಇನ್ನೊಂದ ಯಾಕ ಹೇಳಿದ್ಲು?" ಎಂದು ಕೇಳುತ್ತಿದ್ದಳು. "ಪುಸ್ತಕದಾಗ ಹಂಗ ಬರದಾರ, ರೇಣುಕಕ್ಕಾ," ಎಂದು ಜಾರಿಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಮಾಮು ಒಂದು ಪುಸ್ತಕ ಕೊಟ್ಟರು. ಹೊದಿಕೆ ಕಿತ್ತುಹೋಗಿತ್ತು, ಮೊದಲ ಹಾಳೆಯೂ ಇರಲಿಲ್ಲ. ಪುಸ್ತಕದ ಹೆಸರೇನು, ಬರೆದವರು ಯಾರು, ದೇವರೇ ಬಲ್ಲ. ಕಥೆ ಇಂದುಮತಿ ಎಂಬವಳದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಒಂದು ಮಗು, ಶಾಲೆಯಲ್ಲಿ ಟೀಚರು. ಆ ಊರಿಗೆ ಎಂಜಿನಿಯರ್ ಸುಧಾಕರ ಬರುತ್ತಾನೆ. ಮುಂದಿನದು ನಿಮಗೇ ಗೊತ್ತಾಗುತ್ತದೆ. ನಮ್ಮ ಹೆಂಗಸರು ಸುಧಾಕರನನ್ನು ಮನೆಯ ಅಳಿಯನ ಹಾಗೆ ಹಚ್ಚಿಕೊಂಡುಬಿಟ್ಟರು. ಅವನಿಗೆ ಜ್ವರ ಬಂದ ದಿನ ಒಬ್ಬಳು, "ಒಂದೀಟು ಜೀರಗಿ ಕಷಾಯ ಕುಡೀಬೇಕಿತ್ತು," ಎಂದು ನಿಜವಾಗಿಯೂ ಮರುಗಿದಳು. ರೇಣುಕವ್ವ ಮಾತ್ರ ಆ ಪುಸ್ತಕ ಶುರುವಾದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದು ಸ್ವಲ್ಪ ದಿನಕ್ಕೆ ತಿಳಿಯಿತು. ರಾಣೆಬೆನ್ನೂರಿನಿಂದ ಅವಳಿಗೆ ಉಡಿಕೆಯ ಮಾತು ಬಂದಿತ್ತು. ನಮ್ಮ ಕಡೆ ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಉಡಿಕೆ ಎನ್ನುತ್ತಾರೆ. ಬ್ಯಾಂಡು ಇಲ್ಲ, ಹಂದರ ಇಲ್ಲ, ನಾಲ್ಕು ಜನರ ಎದುರು ಗಂಡು ತಂದ ಸೀರೆ ಉಟ್ಟರೆ ಆಯಿತು. ಗಂಡು ಗೋಣೆಪ್ಪ, ಸೈಕಲ್ ಅಂಗಡಿಯವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಶ್ವೇತಾಳನ್ನೂ ಕರೆದುಕೊಂಡು ಬಾ ಎಂದಿದ್ದ. ಅಣ್ಣ ಒಪ್ಪಿದ್ದ, ಅತ್ತಿಗೆಯಂತೂ ಗಂಟು ಕಟ್ಟಲು ತಯಾರಾಗಿದ್ದಳು. ರೇಣುಕವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಒಂದು ದಿನ ಗೋದಾಮಿನ ಬಾಗಿಲಿಗೇ ಪ್ರಭುಲಿಂಗಪ್ಪ ಬಂದು ನಿಂತ. "ಗೋಣೆಪ್ಪ ಮತ್ತ ಹೇಳಿ ಕಳಿಸ್ಯಾನ. ಏನಂತ ಹೇಳಲಿ?" ಎಂದು ಕೇಳಿದ.

ರೇಣುಕವ್ವ ಕೈಯಲ್ಲಿದ್ದ ಕಾಯಿಯ ತುಂಬು ಮುರಿದು ಹೇಳಿದಳು: "ಈ ಕಥಿ ಮುಗೀಲಿ, ಆಮ್ಯಾಲ ಹೇಳ್ತೇನಿ."

"ಯಾವ ಕಥಿ?"

"ಈಕಿ ಓದಾಕತ್ತಾಳಲ್ಲ, ಅದು."

ಅವನು ನನ್ನನ್ನು ನೋಡಿದ ನೋಟಕ್ಕೆ ನಾನು ಬುಟ್ಟಿಯ ಮೇಲಿಂದ ಇಳಿದೇಬಿಟ್ಟೆ. "ಕಥಿ ಕೇಳಿ ಮದುವಿ ಆಗ್ತಾರೇನು? ತಲಿ ಕೆಟ್ಟೈತೇನ ನಿನಗ?" ಎಂದು ಬೈದುಕೊಂಡು ಹೋದ. ಉಳಿದ ಹನ್ನೊಂದು ಹೆಂಗಸರು ತುಂಬು ಮುರಿಯುತ್ತಲೇ ಇದ್ದರು. ಅಲ್ಲಿಯವರೆಗೆ ನಾನು ಓದುತ್ತಿದ್ದದ್ದು ಹೊತ್ತು ಹೋಗಲೆಂದು. ಈಗ ನನ್ನ ಕೈಯಲ್ಲಿದ್ದದ್ದು ಒಬ್ಬಳ ಸಂಸಾರವಾಗಿತ್ತು.

ಗುರುವಾರ ಓದು ನಿಂತದ್ದು ಇಲ್ಲಿ: "ಇಂದುಮತಿ ಬಾಗಿಲು ತೆರೆದಳು. ಹೊರಗೆ ಸುಧಾಕರ ನಿಂತಿದ್ದ. ಅವಳು ಅವನ ಕಣ್ಣುಗಳನ್ನೇ ನೋಡುತ್ತ." ಅಷ್ಟಕ್ಕೆ ಪುಟ ಮುಗಿದಿತ್ತು, ತೂಗುವವನು ಬಂದಿದ್ದ. ಉಳಿದದ್ದು ಹದಿನಾಲ್ಕು ಪುಟ. ಶುಕ್ರವಾರ ಗೋದಾಮಿಗೆ ಮಾಲು ಬಂದಿರಲಿಲ್ಲ. ನಾನು ಹಿತ್ತಲಿನಲ್ಲಿ ಕೂತು ಆ ಹದಿನಾಲ್ಕು ಪುಟ ಓದಿದೆ. ಯಾ ಅಲ್ಲಾ! ಇಂದುಮತಿ ಅವನ ಕಣ್ಣುಗಳನ್ನೇ ನೋಡುತ್ತ ಬಾಗಿಲು ಮುಚ್ಚಿಕೊಂಡಿದ್ದಳು. "ನನ್ನ ಬಾಳು ಅವರ ನೆನಪಿಗೆ ಮೀಸಲು" ಎಂದಿದ್ದಳು. ಸುಧಾಕರ ರೈಲು ಹತ್ತಿ ಹೋದ. ಇವಳು ಗಂಡನ ಫೋಟೋಕ್ಕೆ ಮಾಲೆ ಹಾಕಿ ಕೂತಳು. ಉಳಿದ ಹತ್ತು ಪುಟದ ತುಂಬ ಅವಳ ತ್ಯಾಗದ ಹೊಗಳಿಕೆ. ಬರೆದವರು ಯಾರೋ ಏನೋ, ಕೈಗೆ ಸಿಕ್ಕಿದ್ದರೆ ಬೆಂಕಿಯಂಥ ಖಾರದ ಗುಂಟೂರು ಕಾಯಿಯ ಚೀಲ ಎದುರಿಗಿಟ್ಟು ತುಂಬು ಬಿಡಿಸಲು ಕೂರಿಸುತ್ತಿದ್ದೆ. ಅಷ್ಟು ಸಿಟ್ಟು ಬಂತು. ಆಮೇಲೆ ಹೆದರಿಕೆ ಬಂತು. ಇದನ್ನು ಹೋಗಿ ಓದಿದರೆ ರೇಣುಕವ್ವ ಊಹೂಂ ಎನ್ನುತ್ತಾಳೆ. ಅಣ್ಣನ ಮನೆಯ ಮೂಲೆಯಲ್ಲೇ ಮುದುಕಿಯಾಗುತ್ತಾಳೆ. ಓದದಿದ್ದರೆ ಸುಳ್ಳಿಯಾಗುತ್ತೇನೆ. ಗೋಣೆಪ್ಪ ಎಂಥವನೋ ನನಗೇನು ಗೊತ್ತು? ನಾಳೆ ಅವನು ಕುಡಿದು ಹೊಡೆದರೆ ಪಾಪ ಯಾರಿಗೆ?

ಶನಿವಾರ ಕೈ ತೊಳೆದು ಕೂತೆ. ರೇಣುಕವ್ವ ತಲೆ ತಗ್ಗಿಸಿಕೊಂಡು ತುಂಬು ಮುರಿಯುತ್ತಿದ್ದಳು. ನಾನು ಪುಸ್ತಕ ತೆರೆದು, "ಅವಳು ಅವನ ಕಣ್ಣುಗಳನ್ನೇ ನೋಡುತ್ತ" ಎಂದು ಶುರು ಮಾಡಿ, ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಪುಸ್ತಕದ ಭಾಷೆಯಲ್ಲಿ ಹೇಳುತ್ತಾ ಹೋದೆ. ಇಂದುಮತಿ, "ಒಳಗೆ ಬನ್ನಿ" ಎಂದಳು. ಮಗು ಓಡಿಬಂದು ಸುಧಾಕರನ ಬೆರಳು ಹಿಡಿಯಿತು. ಊರಿನ ಹಿರಿಯರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಸುಧಾಕರ ತಂದ ಹಸಿರು ಸೀರೆಯುಟ್ಟು ಇಂದುಮತಿ ಗುಡಿಯಲ್ಲಿ ನಿಂತಾಗ ಅವಳ ಅತ್ತೆಯೇ ಮುಂದೆ ಬಂದು ಅಕ್ಷತೆ ಹಾಕಿದಳು. ಅರ್ಧ ತಾಸು ಹೇಳಿದೆ. "ಮುಗಿಯಿತು" ಎಂದು ಪುಸ್ತಕ ಮುಚ್ಚಿದೆ.

ಫಕ್ಕೀರವ್ವ ಮೆಲ್ಲಗೆ ಹೇಳಿದಳು: "ಆ ಸೀರಿ ಉಟ್ಟಿದ್ದು ಇನ್ನೊಮ್ಮೆ ಓದವಾ. ಚಲೋ ಐತಿ."

ಮತ್ತೆ ಪುಸ್ತಕ ತೆರೆದೆ. "ಸುಧಾಕರ ತಂದ ನೀಲಿ ಸೀರೆಯುಟ್ಟು ಇಂದುಮತಿ..."

"ಆಗಲೇ ಹಸರ ಅಂದಿ?"

"ಕಣ್ಣಿಗೆ ಖಾರ ಹೋಗೈತಿ ಆಯಿ. ಸಾಲು ತಪ್ಪಿತು."

"ಹೌದು, ಖಾರ ಹೋಗಿರಬೇಕು," ಎಂದಳು ಫಕ್ಕೀರವ್ವ. ಎಲ್ಲರೂ ತಮ್ಮ ತಮ್ಮ ಬುಟ್ಟಿ ನೋಡುತ್ತಿದ್ದರು. ಬದುಕಿದೆ ಎಂದುಕೊಂಡೆ. ಅಕ್ಷರ ಬಾರದವರು, ಇವರಿಗೇನು ತಿಳಿಯುತ್ತದೆ ಎಂದು ಒಳಗೊಳಗೇ ಬೀಗಿದೆ ಕೂಡ. ಆ ಸೊಕ್ಕಿಗೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಒಬ್ಬೊಬ್ಬರೇ ಬಂದು ಬೊಗಸೆ ಹಾಕಿದರು. ರೇಣುಕವ್ವ ಕೊನೆಗೆ ಬಂದಳು. ಒಂದು ಬೊಗಸೆ ಹಾಕಿದಳು. ಹೋಗಿ ಮತ್ತೆ ಬಂದು ಇನ್ನೊಂದು ಹಾಕಿದಳು. ನಾನು, "ಎರಡಾತಲ್ಲ ಅಕ್ಕಾ?" ಎಂದೆ. ಅವಳು ಸೆರಗು ಝಾಡಿಸಿಕೊಂಡು ಹೋದಳು. ಖುಷಿಗೆ ಹಾಕಿದ್ದಾಳೆ ಎಂದುಕೊಂಡೆ. ಮನೆಗೆ ಹೋಗಿ ಅಣ್ಣನಿಗೆ ಹೂಂ ಎಂದಳಂತೆ.

ಏಪ್ರಿಲ್ ಕೊನೆಗೆ ಪ್ರಭುಲಿಂಗಪ್ಪನ ಮನೆಯಲ್ಲೇ ಉಡಿಕೆಯಾಯಿತು. ನಮ್ಮ ಸಾಲಿನವರೆಲ್ಲ ಹೋಗಿದ್ದೆವು. ಗೋಣೆಪ್ಪ ಹಸಿರು ಸೀರೆ ತಂದಿದ್ದ. "ಹಸರ ತರ್ಬೇಕಂತ ಈಕೀನ ಹೇಳಿ ಕಳಿಸಿದ್ಲು," ಎಂದು ಅವನು ನಾಚಿಕೊಂಡು ಹೇಳಿದಾಗ ಫಕ್ಕೀರವ್ವ ನನ್ನ ಕಡೆ ತಿರುಗಿ, "ಸದ್ಯ, ನೀಲಿ ಅನ್ನಲಿಲ್ಲ," ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಆಯೇರಿಯ ಉಡುಗೊರೆ ಕೊಡುವ ಹೊತ್ತಿಗೆ ನಾನು ಒಂದು ಸ್ಟೀಲ್ ಡಬ್ಬಿ ಮುಂದೆ ಹಿಡಿದೆ. ರೇಣುಕವ್ವ ಅದನ್ನು ಮುಟ್ಟಲಿಲ್ಲ.

"ಡಬ್ಬಿ ಬ್ಯಾಡ. ಆ ಪುಸ್ತಕ ಕೊಡು."

"ನಿನಗ ಓದಾಕ ಬರೂದಿಲ್ಲಲ್ಲ ಅಕ್ಕಾ?"

"ಇರಲಿ. ಕೊಡು."

ಮದುಮಗಳು ಬಾಯಿ ಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವುದು ಹೇಗೆ? ಮನೆಗೆ ಓಡಿದೆ. ಪುಸ್ತಕ ತೆಗೆದೆ. ಗೋಣೆಪ್ಪನಿಗೆ ಅಷ್ಟಿಷ್ಟು ಓದು ಬರುತ್ತದೆ ಎಂದು ಆಗಷ್ಟೇ ಕೇಳಿದ್ದೆ. ಅವನು ಓದಿ ಹೇಳಿದರೆ? ಕಣ್ಣು ಮುಚ್ಚಿಕೊಂಡು ಕೊನೆಯ ಹದಿನಾಲ್ಕು ಪುಟ ಹರಿದೆ. ಹರಿದದ್ದೇನೋ ಹರಿದೆ, ಒಲೆಗೆ ಹಾಕಲು ಕೈ ಬರಲಿಲ್ಲ. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಅಡಿಗೆ ಇಟ್ಟೆ. ಉಳಿದ ಪುಸ್ತಕವನ್ನು ಅವಳ ಉಡಿಗೆ ಹಾಕಿ ಬಂದೆ.

ಮರುವರ್ಷ ನನಗೂ ಮದುವೆಯಾಯಿತು. ಗೂಡ್ಸ್ ಆಟೋ ಓಡಿಸುವ ದಿಲಾವರ, ಊರಿನವನೇ. ನಾನು ಓದು ಬಿಡಲಿಲ್ಲ, ನನ್ನ ಪುಸ್ತಕಗಳನ್ನು ರದ್ದಿಗೂ ಹಾಕಲಿಲ್ಲ. ಆದರೆ ಪ್ರತಿ ಕಾದಂಬರಿಯ ಕೊನೆಗೆ ಬಂದಾಗ ಟ್ರಂಕಿನ ತಳ ನೆನಪಾಗುತ್ತಿತ್ತು. ರೇಣುಕವ್ವನ ಸುದ್ದಿ ಆಗಾಗ ಬರುತ್ತಿತ್ತು, ಚೆನ್ನಾಗಿದ್ದಾಳೆ ಎಂದು. 2005ರ ಬೇಸಿಗೆಯಲ್ಲಿ ಬೇರೆ ಸುದ್ದಿ ಬಂತು. ಗಂಡನ ಜೊತೆ ಜಗಳವಾಡಿ, ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದು ಕೂತಿದ್ದಾಳೆ ಎಂದು. ನನ್ನ ಸುಳ್ಳಿನ ಫಲ ಎಂದುಕೊಂಡೆ. ಹೋಗಿ ಮಾತಾಡಿಸಬೇಕಿತ್ತು. ಹೋಗಲಿಲ್ಲ. ಹದಿನೈದು ದಿನ ಆ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಮಾರ್ಕೆಟ್ಟಿಗೆ ಹೋದೆ. ಆಮೇಲೆ ಗೋಣೆಪ್ಪ ಬಂದು ಕರೆದುಕೊಂಡು ಹೋದನಂತೆ. ಬಾಯಿ ಜೋರಿನ ಅಲ್ಮಾಸ ಎಂಥ ಹೇಡಿ ಎಂದು ನನಗೆ ಗೊತ್ತಾದದ್ದು ಆ ಹದಿನೈದು ದಿನಗಳಲ್ಲಿ.

2009ರ ಮಾರ್ಚಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ನಾನು ಪಡಸಾಲೆಯಲ್ಲಿ ಚೀಲ ಸುರಿದುಕೊಂಡು ತುಂಬು ಬಿಡಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಕನ್ನಡಕ ಹಾಕಿಕೊಂಡ ಹೆಂಗಸು. ಯಾರೋ ಟೀಚರು ವೋಟರ್ ಲಿಸ್ಟಿಗೆ ಬಂದಿರಬೇಕು ಎಂದುಕೊಂಡೆ.

"ಗುರ್ತ ಸಿಗಲಿಲ್ಲೇನ ಅಲ್ಮಾಸ?"

"ರೇಣುಕಕ್ಕಾ!" ಎದ್ದೆ, ಕಾಯಿಗಳೆಲ್ಲ ಚೆಲ್ಲಿದವು. "ಬಾ, ಕುಂದ್ರು, ಚಾ ಮಾಡ್ತೇನಿ."

"ಚಾ ಆಮ್ಯಾಲ. ಮೊದಲ ಇದನ್ನ ನೋಡು." ಕೈಚೀಲದಿಂದ ಒಂದು ಪುಸ್ತಕ ತೆಗೆದಳು. ಅದೇ. ಆದರೆ ನೀರು ಕುಡಿದು ಎರಡರಷ್ಟು ದಪ್ಪವಾಗಿ, ಹಾಳೆಗಳು ಸುರುಟಿಕೊಂಡು ಹಪ್ಪಳದಂತಾಗಿದ್ದವು.

ನೀರು ಹೇಗೆ ಬಿತ್ತೆಂದು ಅವಳೇ ಹೇಳಿದಳು. ಒಂದು ದಿನ ಓದುತ್ತಾ ಕೂತು ಅನ್ನ ಸೀದುಹೋಯಿತಂತೆ. ಗೋಣೆಪ್ಪ ಸಿಟ್ಟಿನಲ್ಲಿ ಪುಸ್ತಕ ಕಿತ್ತುಕೊಂಡು, ಪಂಕ್ಚರ್ ನೋಡುವ ನೀರಿನ ಬಾನಿಗೆ ಎಸೆದನಂತೆ. ಅವಳು ಅಂದೇ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಬಂದದ್ದು. "ಹದಿನೈದ ದಿನ ಆದಮ್ಯಾಲ ಬಂದ. ಒಂದೊಂದ ಹಾಳಿ ಬಿಡಿಸಿ, ಸೈಕಲ್ ಗಾಲಿ ಕಡ್ಡ್ಯಾಗ ಸಿಗಿಸಿ ಒಣಗಿಸಿ, ಮತ್ತ ಹೊಲದು ತಂದಿದ್ದ. ಒಂದ ಹಾಳೀನೂ ಹಿಂದ ಮುಂದ ಆಗಿದ್ದಿಲ್ಲ. ಅಂಥಾವನ ಕೂಡ ಸಿಟ್ಟಿಂದ ಎಷ್ಟ ದಿನ ಇರ್ಲಿ?" ಎಂದು ನಕ್ಕಳು. ಹಾಗಾದರೆ ಆ ಜಗಳ ಇದಕ್ಕೆ! ನಾನು ಓಣಿ ತಪ್ಪಿಸಿಕೊಂಡು ತಿರುಗಿದ್ದು ಸೀದ ಅನ್ನಕ್ಕೆ!

"ಅಕ್ಕಾ, ನೀ ಓದಾಕ ಯಾವಾಗ ಕಲತಿ?"

"ಶ್ವೇತಾ ಒಂದನೇತ್ತಕ್ಕ ಹೋದಾಗ. ಆಕಿ ಬರಿಯೂದನ್ನ ನಾನೂ ಬರದೆ. ಆಕಿ ಎರಡನೇತ್ತ ಮುಗಸೂದ್ರಾಗ ನಾ ಈ ಪುಸ್ತಕ ಮುಗಿಸಿದ್ದೆ. ಮುಗಿಸಿದ್ದೆ ಅಂದ್ರ, ಎಲ್ಲಿ ಮಟಾ ಐತಿ ಅಲ್ಲಿ ಮಟಾ." ಅವಳು ಕೊನೆಯ ಪುಟ ತೆರೆದಳು. "'ಅವಳು ಅವನ ಕಣ್ಣುಗಳನ್ನೇ ನೋಡುತ್ತ.' ಮುಂದ ಹಾಳೀನ ಇಲ್ಲ."

ನಾನು ಚೆಲ್ಲಿದ ಕಾಯಿ ಆರಿಸತೊಡಗಿದೆ.

ಹಾಳೆ ಇಲ್ಲದ್ದಕ್ಕೆ ಅವಳು ಸುಮ್ಮನಾಗಲಿಲ್ಲ. ರಾಣೆಬೆನ್ನೂರಿನ ಲೈಬ್ರರಿಗೆ ಹೋದಳಂತೆ. ಅಲ್ಲಿಯವರು, "ಹೆಸರಿಲ್ಲದ ಪುಸ್ತಕ ಹೆಂಗ ಹುಡುಕೂಣ್ರಿ?" ಎಂದರು. ಇವಳು, "ಒಂದೊಂದ ತಗದು ನೋಡ್ತೇನ್ರಿ, ಇಂದುಮತಿ ಎಲ್ಲಿ ಅದಾಳೋ ಸಿಗ್ತಾಳ," ಎಂದಳು. ಮೊದಮೊದಲು ನಾಲ್ಕು ಹಾಳೆ ನೋಡಿ ಇದಲ್ಲ ಎಂದು ಇಟ್ಟುಬಿಡಬೇಕು ಎಂದುಕೊಂಡಿದ್ದಳು. ಆದರೆ ನಾಲ್ಕು ಹಾಳೆ ಓದಿದ ಮೇಲೆ ಆ ಹುಡುಗಿಯ ಗತಿ ಏನಾಯಿತು ಎಂದು ತಿಳಿಯದೆ ಇಡುವುದು ಹೇಗೆ? ಪ್ರೇಮದ ಕಾದಂಬರಿಗಳ ಸಾಲು ಮುಗಿಯಿತು. ಆಮೇಲೆ ಪತ್ತೇದಾರಿ, ಆಮೇಲೆ ರಾಜ ಮಹಾರಾಜರದು, ಆಮೇಲೆ ಜನ ತಮ್ಮ ಬಾಳಿನ ಬಗ್ಗೆ ತಾವೇ ಬರೆದುಕೊಂಡದ್ದು. ಶ್ವೇತಾಳ ಹೆಸರಿನಲ್ಲಿ ಹಾವೇರಿಯ ಲೈಬ್ರರಿಯ ಕಾರ್ಡೂ ಆಯಿತು, ತಿಂಗಳಿಗೆರಡು ಸಲ ಬಸ್ಸು. ಗೋಣೆಪ್ಪ ಅಂಗಡಿಯಲ್ಲಿ ಗಾಳಿ ಪಂಪಿನ ಮೇಲೆ ಪುಸ್ತಕ ಇಡಲು ಒಂದು ಹಲಗೆ ಹೊಡೆದುಕೊಟ್ಟಿದ್ದ. ಸೈಕಲ್ಲಿಗೆ ಗಾಳಿ ತುಂಬಿಸಲು ಬಂದ ಕಾಲೇಜಿನ ಹುಡುಗಿಯರು ಪುಸ್ತಕ ಕೇಳಿ ಒಯ್ಯುವುದೂ ಶುರುವಾಗಿತ್ತು.

"ದೊಡ್ಡ ದೊಡ್ಡ ಪುಸ್ತಕನೂ ಓದೇನಿ ಈಗ," ಎಂದಳು. "ಕೆಲವು ತಿಳೀತಾವ, ಕೆಲವು ತಿಳಿಯೂದಿಲ್ಲ. ತಿಳೀಲಿಲ್ಲಂದ್ರ ಇನ್ನೊಮ್ಮೆ ಓದ್ತೇನಿ. ಆದ್ರ ನೆಗಡಿ ಜ್ವರ ಬಂತಂದ್ರ ಪ್ರೇಮದ ಪುಸ್ತಕನ ಬೇಕು ನೋಡು. ಅದರಾಗ ನಾಚಿಕಿ ಏನೈತಿ?" ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಇಂದುಮತಿ ಮಾತ್ರ ಎಲ್ಲೂ ಸಿಗಲಿಲ್ಲ. ಹಾಳಿ ನಿನ್ನ ಹಂತ್ಯಾಕನ ಅದಾವು. ಹೌದಿಲ್ಲೋ?"

ಸುಳ್ಳು ಹೇಳಬಹುದಿತ್ತು. ಇನ್ನು ಸಾಕಾಗಿತ್ತು. ಟ್ರಂಕು ತೆಗೆದು, ಪೇಪರಿನ ಅಡಿಯಿಂದ ಹದಿನಾಲ್ಕು ಪುಟ ತಂದು ಅವಳ ಮುಂದಿಟ್ಟೆ. ಕಣ್ಣಲ್ಲಿ ನೀರು ಬಂತು. "ಅಕ್ಕಾ, ಮಾಫ್ ಮಾಡು. ನಾ ಆವತ್ತ ಓದಿದ್ದು ಇದನ್ನಲ್ಲ. ಎಲ್ಲಾ ನನ್ನ ಬಾಯಾಗಿಂದು. ಅದನ್ನ ನಂಬಿ ನೀ ಹೂಂ ಅಂದಿ. ಏಳು ವರ್ಷ ನನಗ ಸಮಾಧಾನ ಇಲ್ಲ."

"ಹುಚ್ಚಿ," ಎಂದಳು. "ಕೈ ತೊಳಕೊಂಡ ಬಾ. ನೀನ ಓದು. ನಾ ಕೇಳ್ತೇನಿ."

"ನಿನಗ ಓದಾಕ ಬರ್ತೈತಲ್ಲ?"

"ಬರ್ತೈತಿ. ಆದ್ರೂ ನೀನ ಓದು."

ನಾನು ಕೈ ತೊಳೆದು, ಬುಟ್ಟಿ ಬೋರಲು ಹಾಕಿ ಕೂತೆ. ಅವಳು ನನ್ನ ಕಾಯಿಯ ರಾಶಿಯ ಮುಂದೆ ಕೂತು, ಇನ್ನೊಂದು ಬುಟ್ಟಿ ಪಕ್ಕಕ್ಕೆಳೆದುಕೊಂಡು ತುಂಬು ಮುರಿಯತೊಡಗಿದಳು. ಏಳು ವರ್ಷವಾದರೂ ಕೈ ಮರೆತಿರಲಿಲ್ಲ. ಹದಿನಾಲ್ಕು ಪುಟವನ್ನೂ ಒಂದಕ್ಷರ ಬಿಡದೆ ಓದಿದೆ. ಬಾಗಿಲು ಮುಚ್ಚಿದ್ದು, ರೈಲು ಹೋದದ್ದು, ಫೋಟೋಕ್ಕೆ ಮಾಲೆ, ಆ ಹೊಗಳಿಕೆ ಎಲ್ಲ. ಮುಗಿದ ಮೇಲೆ ಅವಳು ಕೈಯಲ್ಲಿದ್ದ ಕಾಯಿಯ ತುಂಬು ಮುರಿದು ಬುಟ್ಟಿಗೆ ಹಾಕಿದಳು.

"ಇಷ್ಟನಾ?" ಎಂದಳು. "ಪಾಪ, ಇಂದುಮತಿ. ಆಕಿಗೆ ಒಂದ ಗೋದಾಮ ಇರಲಿಲ್ಲ ನೋಡು."

ನನಗೆ ಅರ್ಥವಾಗಲಿಲ್ಲ. ಅವಳು ತುಂಬು ಮುರಿಯುತ್ತಲೇ ಹೇಳಿದಳು.

"ನೀ ಆವತ್ತ ಓದಾಕತ್ತಿಲ್ಲಂತ ನನಗ ಗೊತ್ತಿತ್ತು ಅಲ್ಮಾಸ. ಅರ್ಧಾ ತಾಸಿನಾಗ ಒಂದ ಹಾಳೀನೂ ತಿರುವಲಿಲ್ಲ ನೀ. ನಮಗ ಅಕ್ಷರ ಬರ್ತಿದ್ದಿಲ್ಲ, ಕೈ ನೋಡಾಕ ಬರೂದಿಲ್ಲೇನು? ದಿನಾ ಕೂತ ಕೈನ ನೋಡವ್ರು ನಾವು. ಫಕ್ಕೀರವ್ವಾಯಿಗೆ ಗೊತ್ತಿತ್ತು. ಹನ್ನೆರಡೂ ಮಂದಿಗೆ ಗೊತ್ತಿತ್ತು."

"ಮತ್ತ ಯಾಕ ಹೂಂ ಅಂದಿ?"

"ಕಥಿ ಕೇಳಿ ಅನ್ನಲಿಲ್ಲ. ಉಡಿಕಿ ಆದ್ರ ಈ ಹೆಣ್ಮಕ್ಕಳು ಹಿಂದ ಏನಂತಾರೋ ಅಂತ ಹೆದರಿಕಿ ಇತ್ತು ನನಗ. ನೀ ಸುಳ್ಳ ಓದಾಕತ್ತೀದಿ, ಒಬ್ಬಾಕಿನೂ ಬಾಯಿ ಬಿಡವಲ್ಲಳು. ಆಯಿ ಇನ್ನೊಮ್ಮೆ ಓದು ಅಂತಾಳ. ಆವಾಗ ತಿಳೀತು, ಇವ್ರೆಲ್ಲಾರೂ ನಾ ಹೂಂ ಅನ್ನಲಿ ಅಂತ ಕಾಯಾಕತ್ತಾರಂತ. ಅದಕ್ಕ ಅಂದೆ." ಅವಳು ಮೂಗು ಒರೆಸಿಕೊಂಡಳು, ಖಾರಕ್ಕೋ ಅಳುವಿಗೋ. "ಆದ್ರ ನೀ ತಿರುವಲಾರದ ಹಾಳ್ಯಾಗ ಏನಿತ್ತು ಅಂತ ನೋಡಬೇಕಿತ್ತಲ್ಲ? ಅದಕ್ಕ ಓದಾಕ ಕಲತೆ. ನೀ ಇದ್ದದ್ದನ್ನ ಇದ್ದಂಗ ಓದಿದ್ರ ನಾ ಇವತ್ತಿಗೂ ಕೇಳಕೋತ ಕುಂದ್ರತಿದ್ನೇನೋ."

ನಾನು ಅತ್ತೆ. ಬಾಯಿ ಮುಚ್ಚಿಕೊಂಡು ಅಲ್ಲ, ಜೋರಾಗಿಯೇ ಅತ್ತೆ. ಅವಳು ತಡೆಯಲಿಲ್ಲ. ಆಮೇಲೆ ಚಹಾ ಕುಡಿದಳು, ಹದಿನಾಲ್ಕು ಪುಟಗಳನ್ನು ಪುಸ್ತಕದ ಕೊನೆಗೆ ಸೇರಿಸಿ ಕೈಚೀಲದಲ್ಲಿಟ್ಟಳು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಹೋಗುವ ಮೊದಲು ನಾನು ಕೂತಿದ್ದ ಬುಟ್ಟಿಯನ್ನು ಮೇಲ್ಮುಖ ಮಾಡಿಟ್ಟು, ತಾನು ಬಿಡಿಸಿದ ಕಾಯಿಯಲ್ಲಿ ಒಂದು ಬೊಗಸೆ ತುಂಬಿ ಅದಕ್ಕೆ ಹಾಕಿದಳು. ಎಲ್ಲ ನನ್ನ ಕಾಯಿಗಳೇ. ಆದರೂ ಓದಿನ ಬೊಗಸೆ, ಓದಿನ ಬೊಗಸೆಯೇ.

"ಆವತ್ತ ಎರಡ ಹಾಕಿದ್ದಿ," ಎಂದೆ, ಕಣ್ಣೊರೆಸಿಕೊಳ್ಳುತ್ತಾ.

"ಆವತ್ತ ಓದಿದ್ದಕ್ಕ ಒಂದು, ಓದಲಾರದ್ದಕ್ಕ ಒಂದು," ಎಂದಳು ರೇಣುಕವ್ವ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಇವತ್ತ ಬರೇ ಓದೀದಿ. ಒಂದ ಸಾಕು."